ಎರಡು ಗೆರೆಗಳ ನಡುವಿನ ಹತ್ತು ತಿಂಗಳು

ಈ ಪ್ರಕರಣ ಶುರುವಾದದ್ದು ಒಂದು ಅರ್ಜಿಯಿಂದ. 2023ರ ಜುಲೈಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಯುವ ಕಲಾವಿದರಿಗೆ ಕೊಡುವ ವಿದ್ಯಾರ್ಥಿವೇತನವೊಂದಕ್ಕೆ ಅರ್ಜಿ ತುಂಬುತ್ತಿದ್ದಳು. ಅದರಲ್ಲೊಂದು ಪ್ರಶ್ನೆ: ನಿಮ್ಮ ಕಲೆ ಈವರೆಗೆ ಬೆಳೆದು ಬಂದ ಬಗೆಯನ್ನು ಒಂದು ಪುಟದಲ್ಲಿ ಬರೆಯಿರಿ. ನಾಲ್ಕು ದಿನ ಕೂತು ಬರೆದದ್ದನ್ನು ನನಗೆ ತೋರಿಸಲು ಸಿದ್ದಾಪುರದಿಂದ ಮಡಿಕೇರಿಗೆ ಬಸ್ಸಿನಲ್ಲಿ ಬಂದಿದ್ದಳು. ಓದಿದೆ. ಬಹುಮಾನಗಳ ಪಟ್ಟಿ, ಪ್ರದರ್ಶನಗಳ ಪಟ್ಟಿ, ನಡುವೆ ಒಂದು ಸಾಲು: ‘2019ರಿಂದ 2020ರವರೆಗೆ ನನ್ನ ಬೆಳವಣಿಗೆ ನಿಂತುಹೋಗಿತ್ತು.’

‘ಇದು ನಿಜವೇನಮ್ಮ?’ ಎಂದು ಕೇಳಿದೆ.

‘ನಿಜ ಸರ್. ಆ ವರ್ಷ ಒಂದೂ ಪೂರ್ತಿ ಚಿತ್ರ ಮಾಡಿಲ್ಲ. ಅಂಕವೂ ಕಡಿಮೆ ಬಂತು. ಬಿಟ್ಟೇಬಿಡಬೇಕು ಅಂದುಕೊಂಡಿದ್ದೆ.’

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯ ಮಕ್ಕಳಿಗೆ ಚಿತ್ರಕಲೆ ಕಲಿಸಿದವನು ನಾನು. ಇಂಥ ಮಾತನ್ನು ಎಷ್ಟೋ ಬಾರಿ ಕೇಳಿದ್ದೇನೆ, ಎಷ್ಟೋ ಬಾರಿ ತಲೆಯಾಡಿಸಿ ಸಮಾಧಾನ ಹೇಳಿ ಕಳಿಸಿದ್ದೇನೆ. ಆ ದಿನ ಯಾಕೋ ಹಾಗೆ ಮಾಡಲು ಮನಸ್ಸಾಗಲಿಲ್ಲ. ‘ಇರುವುದನ್ನೆಲ್ಲ ಮೂಟೆ ಕಟ್ಟಿ ತೆಗೆದುಕೊಂಡು ಬಾ, ತಾರೀಖಿನ ಪ್ರಕಾರ ನೆಲದ ಮೇಲೆ ಹರಡಿ ನೋಡೋಣ’ ಎಂದೆ. ಮುಂದಿನ ವಾರ ಅವಳು ತಂದದ್ದನ್ನು, ನಾವಿಬ್ಬರೂ ಅದರಲ್ಲಿ ಕಂಡದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಹೆಸರು ಬೇಡವೆಂದಳು, ಹಾಗಾಗಿ ಹೆಸರಿಲ್ಲ. ಬರೆದದ್ದನ್ನು ಓದಿಸಿದ್ದೇನೆ; ಎರಡು ಕಡೆ ತಿದ್ದಿಸಿದ್ದಾಳೆ.

ಹಿನ್ನೆಲೆ

ಅವಳ ಅಪ್ಪ ಅಮ್ಮ ಪಿರಿಯಾಪಟ್ಟಣದ ಕಡೆಯಿಂದ ಬಂದು ಸಿದ್ದಾಪುರದ ಹತ್ತಿರದ ಕಾಫಿ ತೋಟವೊಂದರಲ್ಲಿ ನೆಲೆ ನಿಂತವರು. ವಾಸ ಲೈನ್ ಮನೆಯಲ್ಲಿ, ಎಂದರೆ ತೋಟದ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಮನೆಗಳಲ್ಲೊಂದರಲ್ಲಿ. ಎಂಟನೆಯ ತರಗತಿಗೆ ನಮ್ಮ ಶಾಲೆಗೆ ಸೇರಿದ್ದು 2013ರಲ್ಲಿ. ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳನ್ನು ಒಂದರ ಹಿಂದೆ ಒಂದು ಪಾಸು ಮಾಡಿದಳು. 2016ರಲ್ಲಿ ಎಸ್ಸೆಸ್ಸೆಲ್ಸಿ, 2018ರಲ್ಲಿ ಪಿಯುಸಿ, ಆಮೇಲೆ ಮೈಸೂರಿನಲ್ಲಿ ನಾಲ್ಕು ವರ್ಷದ ದೃಶ್ಯಕಲಾ ಪದವಿ. ಮನೆಯಲ್ಲಿ ಈ ಓದಿಗೆ ವಿರೋಧವಿರಲಿಲ್ಲ, ಹಣ ಮಾತ್ರ ಇರಲಿಲ್ಲ. ತೋಟದ ಲೆಕ್ಕಪತ್ರ ನೋಡುವ ರೈಟರ್ ಒಬ್ಬರು ಮೊದಲ ವರ್ಷದ ಶುಲ್ಕಕ್ಕೆ ಸಹಾಯ ಮಾಡಿದರು. ಉಳಿದದ್ದನ್ನು ಅವಳೇ ಹೋಂಸ್ಟೇ ಗೋಡೆಗಳಿಗೆ ಚಿತ್ರ ಬರೆದು ಹೊಂದಿಸಿಕೊಂಡಳು.

ಸಿದ್ದಾಪುರದ ಸುತ್ತಮುತ್ತ ತೋಟಗಳಲ್ಲಿ ಬೆಳೆಯುವ ಮಕ್ಕಳಿಗೆ ಆನೆ ಕಥೆಯೊಳಗಿನ ಪ್ರಾಣಿಯಲ್ಲ. ಹಲಸು ಹಣ್ಣಾಗುವ ಕಾಲಕ್ಕೆ ಅದು ಮನೆಯ ಹಿಂದೆಯೇ ಬಂದು ನಿಲ್ಲುತ್ತದೆ. ಬೆಳಗ್ಗೆ ಅರಣ್ಯ ಇಲಾಖೆಯವರ ಸಂದೇಶ ಬಂದಮೇಲೆಯೇ ಕೆಲಸದವರು ತೋಟದ ಯಾವ ಬ್ಲಾಕಿಗೆ ಹೋಗಬೇಕೆಂದು ತೀರ್ಮಾನವಾಗುವ ದಿನಗಳೂ ಇವೆ. ಈ ಪ್ರಕರಣದ ಉದ್ದಕ್ಕೂ ಆನೆ ಇದೆ.

ನೆಲದ ಮೇಲೆ ಹರಡಿದ್ದು

ಎರಡು ಗೋಣಿಚೀಲ, ಒಂದು ತಗಡಿನ ಟ್ರಂಕು. ಚಿತ್ರಪುಸ್ತಕಗಳು, ಬಿಡಿ ಹಾಳೆಗಳು, ಲೆಕ್ಕದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಗೀಚಿದ್ದು, ಕಾಫಿ ಚೀಲಕ್ಕೆ ಕಟ್ಟುವ ಚೀಟಿಗಳ ಮೇಲೆ ಬರೆದದ್ದು. ಮುಚ್ಚಳ ತೆಗೆದೊಡನೆ ಬೂಷ್ಟಿನ ವಾಸನೆ ಮೂಗಿಗೆ ಬಡಿಯಿತು. ಕೊಡಗಿನಲ್ಲಿ ಕಾಗದದ ಮೇಲೆ ಕೆಲಸ ಮಾಡುವವರೆಲ್ಲರಿಗೂ ಈ ಕಷ್ಟ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಹಾಳೆಗೆ ಹಾಕಿರುವ ಗಂಜಿಯಂಥ ಅಂಟು ತೇವಕ್ಕೆ ಸತ್ತುಹೋಗುತ್ತದೆ, ಜಲವರ್ಣ ಹಚ್ಚಿದರೆ ಹೀರುಕಾಗದಕ್ಕೆ ಹಚ್ಚಿದಂತೆ ಅಲ್ಲಲ್ಲಿ ಇಳಿದು ಮಚ್ಚೆ ಬೀಳುತ್ತದೆ. ಹಚ್ಚಿದ ಬಣ್ಣ ಮಧ್ಯಾಹ್ನದವರೆಗೂ ಒಣಗುವುದಿಲ್ಲ. ಮರುವರ್ಷ ತೆಗೆದು ನೋಡಿದರೆ ಆಕಾಶದ ತುಂಬ ಕಂದು ಚುಕ್ಕೆ. ಅವಳ ಅಮ್ಮ ಮಗಳ ಚಿತ್ರಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಕಾಪಾಡಿದ್ದರು. ಹೊಗೆ ಹಿಡಿದು ಹಾಳೆಯ ಅಂಚುಗಳು ಚಹಾದ ಬಣ್ಣಕ್ಕೆ ತಿರುಗಿದ್ದವು, ಬೂಷ್ಟು ಮಾತ್ರ ಬಂದಿರಲಿಲ್ಲ. ಟ್ರಂಕಿನಲ್ಲಿ ಭದ್ರವಾಗಿಟ್ಟವುಗಳೇ ಹೆಚ್ಚು ಹಾಳಾಗಿದ್ದವು.

ಅದೃಷ್ಟಕ್ಕೆ ಬಹುಪಾಲು ಹಾಳೆಗಳ ಮೂಲೆಯಲ್ಲಿ ಪೆನ್ಸಿಲಿನಲ್ಲಿ ತಾರೀಖು ಇತ್ತು. ತರಗತಿಯಲ್ಲಿ ನಾನು ಹಟ ಹಿಡಿದು ಮಾಡಿಸುತ್ತಿದ್ದ ಅಭ್ಯಾಸ ಅದು. ಜೆಲ್ ಪೆನ್ನಿನಲ್ಲಿ ಬರೆದ ತಾರೀಖುಗಳು ತೇವಕ್ಕೆ ಹರಡಿ ನೀಲಿ ಮಸಿಯಾಗಿದ್ದವು.

ಮೂರು ಕೋಣೆಗಳ ನೆಲದ ಮೇಲೆ 2013ರಿಂದ ಹಿಡಿದು ಸಾಲಾಗಿ ಹರಡಿದೆವು. ನೋಡಲು ತೊಡಗಿದಾಗ ಇಬ್ಬರಿಗೂ ಒಂದು ತೊಡಕು ಎದುರಾಯಿತು. ‘ಇದು ಚೆನ್ನಾಗಿದೆ, ಇದು ಚೆನ್ನಾಗಿಲ್ಲ’ ಎನ್ನುವುದನ್ನು ಬಿಟ್ಟು ಬೇರೇನೂ ಬಾಯಿಗೆ ಬರಲಿಲ್ಲ. ಹಾಗೆ ನೋಡಿದರೆ ಅವಳು ಅರ್ಜಿಯಲ್ಲಿ ಬರೆದದ್ದೇ ಸರಿ: ಕೈ ವರ್ಷದಿಂದ ವರ್ಷಕ್ಕೆ ಪಳಗಿದೆ, 2019–20ರಲ್ಲಿ ಕೆಟ್ಟಿದೆ, ಮತ್ತೆ ಸುಧಾರಿಸಿದೆ. ಆಗ ಪ್ರಶ್ನೆಯನ್ನೇ ಬದಲಿಸಿದೆವು. ಪ್ರತಿ ಹಾಳೆಯನ್ನೂ ಕೈಗೆತ್ತಿಕೊಂಡು ‘ಇದು ನಿನಗೆ ಎಲ್ಲಿಂದ ಬಂತು?’ ಎಂದು ಕೇಳಿದೆ. ಉತ್ತರವನ್ನು ಅವಳು ಹಾಳೆಯ ಬೆನ್ನ ಮೇಲೆ ಒಂದೇ ಸಾಲಿನಲ್ಲಿ ಬರೆಯಬೇಕು. ಬೇರೊಂದು ಪಟ ನೋಡಿ ಬರೆದದ್ದೋ, ನೆನಪಿನಿಂದ ಬಂದದ್ದೋ, ಅಲ್ಲೇ ನಿಂತು ನೋಡಿದ್ದೋ. ಎರಡೂವರೆ ದಿನ ಹಿಡಿಯಿತು. ಮಳೆ ಒಂದು ಗಳಿಗೆಯೂ ಬಿಡಲಿಲ್ಲ.

ದಂತವಿರುವ ತಾಯಾನೆ

2014ರ ಡಿಸೆಂಬರ್‌ನ ಹಾಳೆ. ಪೋಸ್ಟರ್ ಬಣ್ಣ. ತಾಯಾನೆ, ಅದರ ಕಾಲ ಸಂದಿಯಲ್ಲಿ ಮರಿ, ಹಿಂದೆ ಕಿತ್ತಳೆ ಬಣ್ಣದ ಸೂರ್ಯಾಸ್ತ. ಶಾಲೆಗಳ ನಡುವಿನ ಸ್ಪರ್ಧೆಯೊಂದರಲ್ಲಿ ‘ತಾಯಿಯ ಮಮತೆ’ ಎಂಬ ವಿಷಯಕ್ಕೆ ಮೊದಲ ಬಹುಮಾನ ಪಡೆದ ಚಿತ್ರ. ಒಂಬತ್ತನೆಯ ತರಗತಿಯ ಹುಡುಗಿಯ ಕೈಯೇ ಎಂದು ಬೆರಗಾಗುವಷ್ಟು ನಯವಾದ ಕೆಲಸ; ಚರ್ಮದ ಸುಕ್ಕು ಒಂದೊಂದನ್ನೂ ಬಿಡಿಸಿದ್ದಳು.

ಒಂಬತ್ತು ವರ್ಷದ ಮೇಲೆ ಅದನ್ನು ನೆಲದ ಮೇಲಿಟ್ಟು ನೋಡುತ್ತಿದ್ದಾಗ ಅವಳೇ ಮೊದಲು ಹೇಳಿದಳು: ‘ಸರ್, ಇದು ನಮ್ಮ ಆನೆಯಲ್ಲ.’

ಬಗ್ಗಿ ನೋಡಿದೆ. ಕಿವಿ ಭುಜವನ್ನು ಮುಚ್ಚುವಷ್ಟು ಅಗಲ. ಬೆನ್ನು ನಡುವೆ ತಗ್ಗಿದೆ. ನಮ್ಮ ಆನೆಯ ಬೆನ್ನು ಕಮಾನಿನಂತೆ ಉಬ್ಬಿರುತ್ತದೆ. ನಮ್ಮ ಆನೆಯ ನೆತ್ತಿಯ ಮೇಲೆ ಕಾಣುವ ಎರಡು ಉಬ್ಬು ಇಲ್ಲವೇ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ತಾಯಾನೆಗೆ ಉದ್ದನೆಯ ದಂತ. ಆಫ್ರಿಕಾದ ಹೆಣ್ಣಾನೆಗೆ ದಂತವಿರುತ್ತದೆ. ನಮ್ಮ ಕಾಡಿನ ಹೆಣ್ಣಾನೆಗೆ ಹೊರಗೆ ಎದ್ದು ಕಾಣುವಂಥ ದಂತವಿರುವುದಿಲ್ಲ. ಹಿಂಗಾಲು ಇವೆರಡೂ ಅಲ್ಲದ ಪ್ರಾಣಿಯದು: ನಾಯಿಯ ಹಿಂಗಾಲಿನಂತೆ ನಡುವೆ ಹಿಂದಕ್ಕೆ ಮುರಿದಿತ್ತು. ಆನೆಯ ಹಿಂಗಾಲಿನ ಮಂಡಿ ಕೆಳಗಿರುತ್ತದೆ, ನಮ್ಮ ಮಂಡಿಯ ಹಾಗೆ ಮುಂದಕ್ಕೆ ಮಡಚುತ್ತದೆ. ಆನೆ ಮಂಡಿಯೂರಿ ಕೂತದ್ದನ್ನು ಒಮ್ಮೆ ನೋಡಿದವರು ಇದನ್ನು ಮರೆಯಲಾರರು. ಅವಳ ಮನೆಯಿಂದ ದುಬಾರೆಯ ಆನೆ ಶಿಬಿರ ದೂರವೇನಲ್ಲ; ಕಾವೇರಿಯ ದಡದಲ್ಲಿ ದಿನವೂ ಬೆಳಗ್ಗೆ ಆನೆಗಳು ಮಂಡಿಯೂರಿ ಮಲಗಿ ಮೈ ತೊಳೆಸಿಕೊಳ್ಳುತ್ತವೆ.

ಸಿದ್ದಾಪುರದ ಲೈನ್ ಮನೆಯಲ್ಲಿ ಹುಟ್ಟಿದ ಹುಡುಗಿ, ಕಾಡಾನೆ ಬಂದ ರಾತ್ರಿ ಉಸಿರು ಬಿಗಿಹಿಡಿದು ಮಲಗಿದ ಹುಡುಗಿ, ಆಫ್ರಿಕಾದ ಆನೆಯನ್ನು ಬರೆದಿದ್ದಳು. ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಿಂದ ಬಂದದ್ದು.

ಆ ಸ್ಪರ್ಧೆಯ ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ. ಕೊಡಗಿನಲ್ಲೇ ಹುಟ್ಟಿ ಬೆಳೆದ ನಾವು ಮೂವರೂ ಆ ದಂತವನ್ನು ನೋಡಲಿಲ್ಲ. ಚರ್ಮದ ಸುಕ್ಕನ್ನು ನೋಡಿದೆವು, ಬಣ್ಣ ಗೆರೆ ದಾಟದಿರುವುದನ್ನು ನೋಡಿದೆವು. ಬಹುಮಾನ ಕೊಟ್ಟೆವು. ಶಾಲೆಯ ಸಭೆಯಲ್ಲಿ ಚಪ್ಪಾಳೆ ಹೊಡೆಸಿದೆವು. ಈ ಮಾತನ್ನು ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ. ಏಕೆಂದರೆ ಅದರ ಪರಿಣಾಮ ಮುಂದಿನ ಹಾಳೆಯಲ್ಲೇ ಇತ್ತು.

2015ರ ಫೆಬ್ರುವರಿಯಲ್ಲಿ ಆ ತರಗತಿಯ ಮಕ್ಕಳನ್ನು ಮಡಿಕೇರಿ ಕೋಟೆಗೆ ಕರೆತಂದಿದ್ದೆ. ಕೋಟೆಯೊಳಗೆ ಗಾರೆಯಲ್ಲಿ ಮಾಡಿದ ಎರಡು ಆನೆಗಳಿವೆ, ನಿಜವಾದ ಆನೆಯಷ್ಟೇ ಎತ್ತರ. ನೋಡಿಕೊಂಡು ಬರೆಯಿರಿ ಎಂದು ಮಕ್ಕಳನ್ನು ಅವುಗಳ ಎದುರು ಕೂರಿಸಿದ್ದೆ. ಓಡದ, ಅಲುಗದ, ಎಷ್ಟು ಹೊತ್ತು ಬೇಕಾದರೂ ನಿಲ್ಲುವ ಆನೆಗಳು. ಅವಳು ಒಂದು ಗಂಟೆ ಕೂತು ಬರೆದ ಹಾಳೆಯಲ್ಲಿ ಆ ಗಾರೆಯ ಆನೆಗೂ ಭುಜ ಮುಚ್ಚುವ ಕಿವಿ. ಕಣ್ಣೆದುರು ಇದ್ದದ್ದನ್ನು ಕ್ಯಾಲೆಂಡರಿಗೆ ಹೊಂದುವಂತೆ ತಿದ್ದಿದ್ದಳು. ಹಾಳೆಯ ಕೆಳಗೆ ಕೆಂಪು ಶಾಯಿಯಲ್ಲಿ ನನ್ನದೇ ಕೈಬರಹ: ‘ಅತ್ಯುತ್ತಮ.’

ಕಳೆದುಹೋದ ಪುಸ್ತಕಗಳು, ಮಾರಾಟವಾದ ಚಿತ್ರ

2016ರಿಂದ 2018ರವರೆಗಿನ ಪುಸ್ತಕಗಳು ನಮ್ಮ ಮುಂದೆ ಇರಲಿಲ್ಲ. ಲೈನ್ ಮನೆಯ ಮಾಡು ಸೋರುತ್ತದೆಂದು ಅವುಗಳನ್ನು ಕಾವೇರಿ ದಡದ ಕರಡಿಗೋಡಿನಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಇಟ್ಟಿದ್ದಳು. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಆ ದಡದ ಮನೆಗಳಿಗೆ ನುಗ್ಗಿದಾಗ ಅವೂ ಹೋದವು. ಹಾಗಾಗಿ ಆ ಎರಡು ವರ್ಷದ ಬಗ್ಗೆ ನಾನು ಏನನ್ನೂ ಹೇಳಲಾರೆ.

2018ರ ಒಂದು ದೊಡ್ಡ ಚಿತ್ರದ ಬಗ್ಗೆ ಹೇಳಬೇಕು. ಆ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಲಿನ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆಯ ಬೆಟ್ಟಗಳು ಕುಸಿದವು. ಅವಳು ಆಗಷ್ಟೇ ಮೈಸೂರಿಗೆ ಹೋಗಿದ್ದಳು. ಹಾಸ್ಟೆಲಿನಲ್ಲಿ ಕೂತು ಪತ್ರಿಕೆಯ ಫೋಟೊಗಳನ್ನು ನೋಡುತ್ತ ಕ್ಯಾನ್ವಾಸಿನ ಮೇಲೆ ಬೆಟ್ಟ ಕುಸಿಯುವುದನ್ನೂ ಅಳುವ ತಾಯಿಯನ್ನೂ ಬರೆದಳು. 2019ರ ಜನವರಿಯಲ್ಲಿ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯಲ್ಲಿ ಹಿರಿಯ ವಿದ್ಯಾರ್ಥಿಗಳ ಮಳಿಗೆಯ ಒಂದು ಮೂಲೆಯಲ್ಲಿ ಅದನ್ನು ಇಟ್ಟಿದ್ದರು. ಮಧ್ಯಾಹ್ನದೊಳಗೆ ಮಾರಾಟವಾಯಿತು. ನಮ್ಮ ಬಳಿ ಇದ್ದದ್ದು ಅದರ ಫೋಟೊ.

ಅದರಲ್ಲಿ ಬೋಳು ಬೆಟ್ಟದಿಂದ ಬಂಡೆಗಳು ಉರುಳುತ್ತಿವೆ. ಕೊಡಗಿನಲ್ಲಿ ಆದದ್ದು ಬೇರೆ. ದಪ್ಪನೆಯ ಮಣ್ಣು ನೀರು ಕುಡಿದು ಕೆಸರಾಗಿ, ಮೇಲಿದ್ದ ಕಾಫಿ ಗಿಡ, ಸಿಲ್ವರ್ ಮರಗಳ ಸಮೇತ ಜಾರಿತು. ನಿಂತ ಮರ ನಿಂತಂತೆಯೇ ಕೆಳಗಿಳಿದು ಹೋದದ್ದನ್ನು ಕಂಡವರು ಹೇಳುತ್ತಾರೆ. ಚಿತ್ರದ ಬೆಟ್ಟ ಕ್ಯಾಲೆಂಡರಿನ ಆನೆಯ ತಂಗಿ. ಅವಳ ನೋವು ಸುಳ್ಳಾಗಿರಲಿಲ್ಲ, ಹಾಸ್ಟೆಲಿನಲ್ಲಿ ಎರಡು ದಿನ ಊಟ ಮಾಡಿರಲಿಲ್ಲ. ಆದರೆ ನೋವಿಗೆ ರೂಪ ಕೊಡುವಾಗ ಕೈ ಹಳೆಯ ದಾರಿಯನ್ನೇ ಹಿಡಿದಿತ್ತು. ಚಿತ್ರ ಮಾರಾಟವಾದದ್ದು ಆ ದಾರಿಯನ್ನು ಇನ್ನೂ ಗಟ್ಟಿ ಮಾಡಿತು.

ಗೋಡೆಯ ಮೇಲಿನ ಗೆರೆ

ಈಗ ಆ ‘ನಿಂತುಹೋದ’ ವರ್ಷಕ್ಕೆ ಬರೋಣ.

2019ರ ಆಗಸ್ಟ್‌ನ ಪ್ರವಾಹ ಇಳಿದ ಮೇಲೆ ಅವಳು ಊರಿಗೆ ಬಂದು ಚಿಕ್ಕಮ್ಮನ ಮನೆಯಲ್ಲಿ ಕೆಸರು ಬಳಿಯಲು ನಿಂತಳು. ಅಲ್ಲಿ ಬರೆದ ಒಂದು ಹಾಳೆ ಉಳಿದಿದೆ, ಸಾಮಾನ್ಯ ನೋಟ್‌ಬುಕ್ಕಿನಿಂದ ಹರಿದದ್ದು. ಒಂದು ಗೋಡೆ. ಗೋಡೆಯ ಮೇಲೆ ಅಡ್ಡಲಾಗಿ ಒಂದು ಗೆರೆ. ಗೆರೆಯ ಕೆಳಗೆ ಪೆನ್ಸಿಲನ್ನು ಮಲಗಿಸಿ ಸವರಿದ ಮಬ್ಬು, ಮೇಲೆ ಖಾಲಿ. ಗೆರೆಯ ಮೇಲ್ಗಡೆ ಒಂದು ಮೊಳೆ, ಮೊಳೆಗೆ ತೂಗುಹಾಕಿದ ಒಣ ಕೊಡೆ. ಇಷ್ಟೇ. ಮನುಷ್ಯರಿಲ್ಲ, ನೀರಿಲ್ಲ, ಅಳುವಿಲ್ಲ. ನೀರು ನಿಂತ ಮಟ್ಟವನ್ನು ಗೋಡೆಯೇ ಬರೆದಿಟ್ಟಿತ್ತು, ಅವಳು ಅದನ್ನು ನಕಲು ಮಾಡಿಕೊಂಡಿದ್ದಳು. ‘ಏನು ಬರೆಯಬೇಕೋ ಗೊತ್ತಾಗಲಿಲ್ಲ ಸರ್, ಅದಕ್ಕೆ ಗೆರೆ ಮಾತ್ರ ಬರೆದೆ’ ಎಂದಳು. ಬೆನ್ನ ಮೇಲೆ ಬರೆದ ಸಾಲು: ‘ಅಲ್ಲೇ ನಿಂತು.’ ನಮ್ಮ ಸಾಲಿನಲ್ಲಿ ಈ ಉತ್ತರ ಸಿಕ್ಕ ಮೊದಲ ಹಾಳೆ ಅದು.

ಆಮೇಲಿನ ತಿಂಗಳುಗಳಲ್ಲಿ ಕಾಲೇಜಿನ ಕೆಲಸವೆಲ್ಲ ಅರ್ಧಂಬರ್ಧ. ಕೊಟ್ಟ ವಿಷಯಕ್ಕೆ ಚಿತ್ರ ಶುರು ಮಾಡುತ್ತಾಳೆ, ಒಂದು ಮೂಲೆ ತುಂಬಿಸಿ ಬಿಡುತ್ತಾಳೆ. ‘ಅಪೂರ್ಣ’ ಎಂಬ ಷರಾ ಬಿದ್ದಿತು, ಅಂಕ ಇಳಿಯಿತು. ಅವಳ ಕೈಗೆ ಹಳೆಯ ದಾರಿ ಸುಳ್ಳೆಂದು ಗೊತ್ತಾಗಿತ್ತು, ಹೊಸದು ಇನ್ನೂ ತಿಳಿದಿರಲಿಲ್ಲ. ಹೀಗೆ ಈಗ ಹೇಳುವುದು ಸುಲಭ. ಆಗ ಅವಳಿಗೆ ಕಂಡದ್ದು ತಾನು ಸೋತದ್ದು ಮಾತ್ರ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್. ಊರಿಗೆ ಮರಳಿದಳು. ಆನ್‌ಲೈನ್ ತರಗತಿಗೆ ಸಿಗ್ನಲ್ ಸಿಗದೆ ತೋಟದ ದಿಣ್ಣೆ ಹತ್ತಿ ಕೂರಬೇಕು. ಬಣ್ಣದ ಅಂಗಡಿಗಳಿಗೆ ಬೀಗ. ಕಾಫಿ ಕೊಯ್ಲು ಮುಗಿದು ಗಿಡ ಸವರಿದ ಕಡ್ಡಿಗಳು ತೋಟದ ತುಂಬ ಬಿದ್ದಿದ್ದವು. ಅವುಗಳಿಂದ ಇದ್ದಿಲು ಮಾಡಿಕೊಂಡಳು. ಬಗೆ ಹೀಗೆ: ಬೆರಳು ದಪ್ಪದ ಕಡ್ಡಿಗಳ ಸಿಪ್ಪೆ ಸುಲಿದು, ಒಣಗಿಸಿ, ಹಾಲಿನ ಪುಡಿಯ ತಗಡಿನ ಡಬ್ಬಿಯಲ್ಲಿ ಒತ್ತಾಗಿ ನಿಲ್ಲಿಸಬೇಕು. ಮುಚ್ಚಳಕ್ಕೆ ಮೊಳೆಯಿಂದ ಒಂದೇ ತೂತು. ಡಬ್ಬಿಯನ್ನು ಕೆಂಡದಲ್ಲಿ ಹೂತರೆ ತೂತಿನಿಂದ ಹೊಗೆ ಬರತೊಡಗುತ್ತದೆ. ಹೊಗೆ ನಿಂತಾಗ ಹೊರತೆಗೆದು, ತೂತು ಮುಚ್ಚಿ, ಪೂರ್ತಿ ಆರುವವರೆಗೆ ಮುಟ್ಟದೆ ಬಿಡಬೇಕು. ಬಿಸಿ ಇರುವಾಗಲೇ ಮುಚ್ಚಳ ತೆಗೆದರೆ ಗಾಳಿ ತಾಗಿ ಕಡ್ಡಿ ಹತ್ತಿಕೊಂಡು ಬೂದಿಯಾಗುತ್ತದೆ. ಅವಳ ಮೊದಲ ಎರಡು ಡಬ್ಬಿ ಹಾಗೇ ಹೋಯಿತು. ಕಾಫಿ ಕಡ್ಡಿ ಗಟ್ಟಿ ಮರ. ಅದರ ಇದ್ದಿಲಿಗೆ ಅಂಗಡಿಯದರ ಮೆತ್ತನೆಯ ಕಪ್ಪು ಬರುವುದಿಲ್ಲ, ತೆಳ್ಳನೆಯ ಬೂದುಗಪ್ಪು ಗೆರೆ ಬರುತ್ತದೆ. ಸುಕ್ಕು, ನೆರಳು, ನಯ ಎಲ್ಲ ಅದರಿಂದ ಕಷ್ಟ. ಗೆರೆಯೊಂದೇ ಸಾಧ್ಯ.

ಮೇ, ಜೂನ್‌ನ ಹಾಳೆಗಳಲ್ಲಿ ಆನೆ ಮತ್ತೆ ಬರುತ್ತದೆ. ಬರುವುದೆಂದರೆ, ಬರುವುದಿಲ್ಲ. ಮುರಿದ ಸೋಲಾರ್ ಬೇಲಿಯ ಕಂಬ. ಆನೆ ಬಾರದಿರಲೆಂದು ಬಲಿಯುವ ಮೊದಲೇ ಕಡಿದು ಹಾಕಿದ ಹಲಸಿನ ಕಾಯಿಗಳ ರಾಶಿ. ಲದ್ದಿಯ ಉಂಡೆ, ಅದರಲ್ಲಿ ಜೀರ್ಣವಾಗದೆ ಉಳಿದ ಕಾಫಿ ಬೀಜಗಳು, ಒಂದೊಂದನ್ನೂ ಎಣಿಸಿ ಬರೆದದ್ದು. ಆಮೇಲೆ ಹೆಜ್ಜೆಗಳು. ಮುಂಗಾಲಿನದು ಗುಂಡಗೆ, ಹಿಂಗಾಲಿನದು ಉದ್ದುದ್ದ. ಹಿಂಗಾಲು ಮುಂಗಾಲಿನ ಗುರುತಿನ ಮೇಲೇ ಅರ್ಧ ಕೂತಿರುವುದನ್ನು ಒಂದು ಹಾಳೆಯಲ್ಲಿ ಬಲು ಜತನದಿಂದ ಬಿಡಿಸಿದ್ದಾಳೆ. ಒಬ್ಬ ಅರಣ್ಯ ವಾಚರ್ ಅವಳಿಗೆ ಒಂದು ಲೆಕ್ಕ ಹೇಳಿಕೊಟ್ಟಿದ್ದರಂತೆ: ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಇಮ್ಮಡಿ ಮಾಡಿದರೆ ಹೆಚ್ಚುಕಡಿಮೆ ಆನೆಯ ಭುಜದ ಎತ್ತರ ಸಿಗುತ್ತದೆ. ಅವಳು ಅಮ್ಮನ ಹೊಲಿಗೆಯ ದಾರವನ್ನು ಹೆಜ್ಜೆಯ ಸುತ್ತ ಇಟ್ಟು ಅಳೆದಳು. ನಾಲ್ಕು ಅಡಿ ಒಂದು ಅಂಗುಲ. ಆ ದಾರವನ್ನು ಎರಡು ಪಟ್ಟು ಮಾಡಿ, ಲೈನ್ ಮನೆಯ ಹಿಂದಿನ ಸುಣ್ಣದ ಗೋಡೆಯ ಮೇಲೆ ನೆಲದಿಂದ ಎಂಟು ಅಡಿ ಎರಡು ಅಂಗುಲಕ್ಕೆ ಇದ್ದಿಲಿನಿಂದ ಒಂದು ಅಡ್ಡ ಗೆರೆ ಎಳೆದಳು. ಗೆರೆ ಬಾಗಿಲ ಚೌಕಟ್ಟನ್ನು ದಾಟಿ ಮಾಡಿನ ಅಂಚಿಗೆ ತಾಗಿತು. ರಾತ್ರಿ ತಾವು ಮಲಗಿದ್ದಾಗ ಗೋಡೆಯಾಚೆ ನಿಂತಿದ್ದವನ ಎತ್ತರ ಅದು. ಅಮ್ಮ ಆ ಗೆರೆಯನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ ‘ಅಳಿಸಬೇಡ’ ಎಂದರಂತೆ.

ಅದನ್ನೇ ಅವಳು ಹಾಳೆಗೆ ಇಳಿಸಿದ್ದಳು, 2020ರ ಜೂನ್ ಎಂದು ಮೂಲೆಯಲ್ಲಿ ತಾರೀಖು. ಒಂದು ಗೋಡೆ, ಒಂದು ಅಡ್ಡ ಗೆರೆ, ಗೆರೆಯ ಕೆಳಗೆ ಮೊಳೆಗೆ ತೂಗುಹಾಕಿದ ಅಮ್ಮನ ಕೆಲಸದ ಅಂಗಿ.

ನಮ್ಮ ಮನೆಯ ನಡುಕೋಣೆಯಲ್ಲಿ ಈ ಹಾಳೆ ಇದ್ದ ಸಾಲಿನಲ್ಲೇ, ಆರೇಳು ಹಾಳೆಗಳ ಹಿಂದೆ, ಚಿಕ್ಕಮ್ಮನ ಮನೆಯ ಗೋಡೆ ಇತ್ತು. ನಡುವಿನವುಗಳೆಲ್ಲ ಆ ಅಪೂರ್ಣ ಕೆಲಸಗಳು. ಅವುಗಳನ್ನು ತೆಗೆದು ಬದಿಗಿಟ್ಟು ಎರಡೂ ಗೋಡೆಗಳನ್ನು ಅಕ್ಕಪಕ್ಕ ತಂದೆ. ಅದೇ ಗೋಡೆ, ಅದೇ ಗೆರೆ, ಅದೇ ಮೊಳೆ. ಒಂದರಲ್ಲಿ ನದಿ ಬಂದು ಹೋದ ಎತ್ತರ, ಇನ್ನೊಂದರಲ್ಲಿ ಆನೆ ಬಂದು ಹೋದ ಎತ್ತರ. ಎರಡಕ್ಕೂ ನಡುವೆ ಹತ್ತು ತಿಂಗಳು. ಎರಡನೆಯದನ್ನು ಬರೆಯುವಾಗ ಮೊದಲನೆಯದು ನೆನಪಿತ್ತೇ ಎಂದು ಕೇಳಿದೆ. ಇರಲಿಲ್ಲ. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಬದಿಗಿಟ್ಟ ಅಪೂರ್ಣ ಹಾಳೆಗಳನ್ನು ಆಮೇಲೆ ಮತ್ತೆ ತೆಗೆದು ನೋಡಿದೆವು. ವಸ್ತುಗಳನ್ನು ಮುಂದೆ ಜೋಡಿಸಿಟ್ಟು ಬರೆಯುವ ಸ್ಥಿರಚಿತ್ರದ ಹಾಳೆಯೊಂದರಲ್ಲಿ ಹೂಜಿ, ಹಣ್ಣು, ಬಟ್ಟೆ ಯಾವುದನ್ನೂ ಮುಗಿಸಿಲ್ಲ. ಹೂಜಿಯೊಳಗಿನ ನೀರಿನ ಮಟ್ಟವನ್ನು ಮಾತ್ರ ಗುರುತಿಸಿದ್ದಾಳೆ. ಇನ್ನೊಂದರಲ್ಲಿ ಮಾದರಿಗೆ ಕೂತ ಮನುಷ್ಯನಿಲ್ಲ, ಅವನ ತಲೆ ಗೋಡೆಗೆ ತಾಗಿ ತಾಗಿ ಆದ ಎಣ್ಣೆಯ ಗುರುತು ಇದೆ. ಹತ್ತು ತಿಂಗಳೂ ಅವಳ ಕಣ್ಣು ಒಂದೇ ವಸ್ತುವನ್ನು ಹುಡುಕುತ್ತಿತ್ತು: ಬಂದು ಹೋದದ್ದರ ಗುರುತು. ಅಂಕ ಕೊಟ್ಟವರಿಗೆ ಅದು ಕಾಣಲಿಲ್ಲ. ಒಂದೊಂದೇ ಹಾಳೆ ನೋಡಿದ್ದರೆ ನನಗೂ ಕಾಣುತ್ತಿರಲಿಲ್ಲ.

2022ರಲ್ಲಿ ಪದವಿಯ ಕೊನೆಯ ಪ್ರದರ್ಶನಕ್ಕೆ ಅವಳು ಮಾಡಿದ ಕೆಲಸ ಎಲ್ಲರ ಮೆಚ್ಚುಗೆ ಪಡೆಯಿತು. ಕಂದು ಕಾಗದವನ್ನು ಉದ್ದಕ್ಕೆ ಅಂಟಿಸಿ, ತೋಟಕ್ಕೆ ಬಂದುಹೋದ ಬೇರೆ ಬೇರೆ ಆನೆಗಳ ಎತ್ತರವನ್ನು ಕಾಫಿ ಇದ್ದಿಲಿನಲ್ಲಿ ಪೂರ್ಣ ಅಳತೆಗೆ ಎಳೆದಿದ್ದಳು. ನೋಡುವವರು ಗೆರೆಯ ಕೆಳಗೆ ನಿಲ್ಲಬೇಕು. ಅರ್ಜಿಯಲ್ಲಿ ಇದನ್ನು ‘ಮತ್ತೆ ಆರಂಭಿಸಿದೆ’ ಎಂದು ಬರೆದಿದ್ದಳು.

ನನ್ನ ಪಾಲು

ಶಿಕ್ಷಕನಾಗಿ ನನ್ನ ತಪ್ಪನ್ನು ಇಲ್ಲಿ ಬಿಡಿಸಿ ಹೇಳಬೇಕು. ಬಹುಮಾನ ಕೊಟ್ಟದ್ದೊಂದೇ ತಪ್ಪಲ್ಲ. ‘ಎಲ್ಲಿಂದ ಬಂತು’ ಎಂಬ ಪ್ರಶ್ನೆಯನ್ನು ನಾನು ಮೂರು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಪಟ ನೋಡಿ ಬರೆಯುವುದು ಕೆಟ್ಟದ್ದಲ್ಲ, ಕೈ ಪಳಗುವುದೇ ಹಾಗೆ. ಗ್ರೇಡ್ ಪರೀಕ್ಷೆಗೂ ಅದು ಬೇಕು. ಆದರೆ ಪಟದಿಂದ ಬಂದದ್ದನ್ನು ಪಟದಿಂದ ಬಂದದ್ದೆಂದು ಮಗುವಿಗೆ ಗೊತ್ತಿರಬೇಕು. ಇಲ್ಲದಿದ್ದರೆ ಕಣ್ಣೆದುರಿನ ಗಾರೆಯ ಆನೆಯೂ ಕ್ಯಾಲೆಂಡರಾಗಿಬಿಡುತ್ತದೆ.

ತಾರೀಖು ಬರೆಸಿದ್ದು ಸರಿಯಾಗಿತ್ತು. ಹಳೆಯದನ್ನು ಹರಿದುಹಾಕುವ ಹುಮ್ಮಸ್ಸು ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಎಲ್ಲರಿಗೂ ಬರುತ್ತದೆ. ಅವಳೂ 2020ರಲ್ಲಿ ಆ ಅಪೂರ್ಣ ಹಾಳೆಗಳನ್ನು ಒಲೆಗೆ ಹಾಕಲು ಹೊರಟಿದ್ದಳು. ಒಲೆ ಹೊತ್ತಿಸುವುದಕ್ಕೆ ತೋಟದಲ್ಲಿ ಪುಳ್ಳೆಗೇನು ಬರವೇ ಎಂದು ಅಮ್ಮ ತಡೆದು ಅಟ್ಟಕ್ಕೆ ಹಾಕಿದರು. ಈ ಪ್ರಕರಣದಲ್ಲಿ ಯಾರಿಗಾದರೂ ಶಭಾಷ್ ಹೇಳಬೇಕಾದರೆ ಆ ತಾಯಿಗೆ ಹೇಳಬೇಕು.

ಹಾಳೆಯಿಲ್ಲದವನು

ಈ ಕ್ರಮ ಎಲ್ಲರಿಗೂ ಒಗ್ಗುವುದಿಲ್ಲ. ಹಾಳೆ ಹರಡಿದ ಎರಡನೆಯ ದಿನ ನನ್ನ ಇನ್ನೊಬ್ಬ ಹಳೆಯ ವಿದ್ಯಾರ್ಥಿ ಬಂದಿದ್ದ. ಮಡಿಕೇರಿ ದಸರಾ ಮೆರವಣಿಗೆಯ ಮಂಟಪವೊಂದಕ್ಕೆ ಚಲಿಸುವ ಮೂರ್ತಿಗಳನ್ನು ಮಾಡುವ ತಂಡದಲ್ಲಿದ್ದಾನೆ. ಅವನ ಕೆಲಸಕ್ಕೆ ಒಂದೇ ರಾತ್ರಿ ಆಯುಸ್ಸು. ವಿಜಯದಶಮಿಯ ರಾತ್ರಿ ದಶಮಂಟಪಗಳು ಊರು ಸುತ್ತಿ ಬೆಳಗಾಗುವುದರೊಳಗೆ ಎಲ್ಲವೂ ಮುಗಿದು, ಬಿಚ್ಚಿ ಹಾಕಲಾಗುತ್ತದೆ. ನನ್ನ ಹತ್ತಿರ ಹರಡಲು ಏನಿದೆ ಎಂದು ಪೆಚ್ಚಾಗಿ ನಿಂತ. ಸ್ವಲ್ಪ ಹೊತ್ತಿನ ಮೇಲೆ ಅವನೇ ಹೇಳಿದ: ಮೊದಲ ವರ್ಷ ರಾಕ್ಷಸನ ತೋಳು ಎತ್ತುವಾಗ ಭುಜದ ಕೀಲು ಗಡಗಡ ನಡುಗುತ್ತಿತ್ತು, ಈಗ ತೋಳು ಎದ್ದು ಒಂದು ಕ್ಷಣ ನಿಂತು ಆಮೇಲೆ ಇಳಿಯುತ್ತದೆ, ಆ ನಿಲ್ಲುವಿಕೆಗೆ ಜನ ಉಸಿರು ಬಿಗಿಹಿಡಿಯುತ್ತಾರೆ. ಅವನು ಕಳಚಿದ ಕಬ್ಬಿಣದ ಕೀಲುಗಳನ್ನು ಪ್ರತಿ ವರ್ಷ ಒಂದು ಡಬ್ಬದಲ್ಲಿ ಎತ್ತಿಡುತ್ತಾನೆ. ಅವುಗಳ ಮೇಲೆ ಬಣ್ಣದಲ್ಲಿ ವರ್ಷ ಬರೆದಿಡುತ್ತೇನೆ ಎಂದು ಹೇಳಿ ಹೋದ. ಅವನದು ಬೇರೆಯೇ ಪ್ರಕರಣ, ಇಲ್ಲಿ ಇಷ್ಟು ಸಾಕು.

ಆಮೇಲೆ

ಅರ್ಜಿಯ ಪುಟವನ್ನು ಅವಳು ಹೊಸದಾಗಿ ಬರೆದಳು. ಬಹುಮಾನಗಳಿಗೆ ಒಂದು ಸಾಲು, ಎರಡು ಗೋಡೆಗಳಿಗೆ ಮುಕ್ಕಾಲು ಪುಟ. ವಿದ್ಯಾರ್ಥಿವೇತನ ಸಿಗಲಿಲ್ಲ. ಬೇಸರವಾಯಿತು, ಇಬ್ಬರಿಗೂ. ಆ ಪುಟವನ್ನು ಅವಳು ಎತ್ತಿಟ್ಟುಕೊಂಡಿದ್ದಾಳೆ.

ಹೊಟ್ಟೆಪಾಡು ಇನ್ನೂ ಹೋಂಸ್ಟೇ ಗೋಡೆಗಳಿಂದಲೇ ನಡೆಯುತ್ತದೆ. ಗಿರಾಕಿಗಳಿಗೆ ಬೇಕಾದದ್ದು ಜಲಪಾತ, ಕೆಂಪು ಕಾಫಿ ಹಣ್ಣು, ಸೊಂಡಿಲೆತ್ತಿದ ಆನೆ. ಬರೆಯುತ್ತಾಳೆ. ಒಂದು ಕಡೆ ಮಾಲೀಕರು ಮೊಬೈಲಿನಲ್ಲಿ ಪಟವೊಂದನ್ನು ತೋರಿಸಿ ಇದೇ ಬೇಕೆಂದರಂತೆ. ಮತ್ತದೇ ಅಗಲ ಕಿವಿ, ತಗ್ಗಿದ ಬೆನ್ನು. ಅವಳು ಅವರನ್ನು ದುಬಾರೆಗೆ ಕರೆದುಕೊಂಡು ಹೋಗಿ, ಮಂಡಿಯೂರಿದ ಆನೆಯ ಹಿಂಗಾಲು ತೋರಿಸಿ, ಬಂದು ನಮ್ಮ ಆನೆಯನ್ನೇ ಬರೆದಳು. ಆ ಗೋಡೆಯನ್ನು ನಾನು ನೋಡಿ ಬಂದಿದ್ದೇನೆ. ಹಿಂಗಾಲು ಸರಿಯಾಗಿದೆ.

ಈಗ ಅವಳು ತನ್ನ ಮೊದಲ ಏಕವ್ಯಕ್ತಿ ಪ್ರದರ್ಶನಕ್ಕೆ ಕೆಲಸ ಜೋಡಿಸುತ್ತಿದ್ದಾಳೆ. 2014ರ ತಾಯಾನೆಯನ್ನೂ ಅದರಲ್ಲಿ ಇಡುತ್ತೇನೆ ಎಂದಾಗ ನಾನು ಬೇಡವೆಂದೆ. ಅವಳು ಒಪ್ಪಲಿಲ್ಲ. ಗೋಡೆಗೆ ಒರಗಿಸಿ ಇಡುವುದಿಲ್ಲ, ಬೆನ್ನೂ ಕಾಣುವಂತೆ ಎರಡು ಗಾಜಿನ ನಡುವೆ ತೂಗುಹಾಕುತ್ತೇನೆ ಎಂದಳು. ಬೆನ್ನ ಮೇಲೆ ಆ ಜುಲೈಯಲ್ಲಿ ಬರೆದ ಸಾಲು ಇದೆ. ಒಂದೇ ಸಾಲು ಎಂದು ನಾನು ಕಟ್ಟಳೆ ಹಾಕಿದ್ದೆ, ಈ ಒಂದು ಹಾಳೆಗೆ ಮಾತ್ರ ಅವಳು ಅದನ್ನು ಮೀರಿದ್ದಳು:

‘ಅಂಗಡಿಯ ಕ್ಯಾಲೆಂಡರಿನಿಂದ. ಇದಕ್ಕೆ ಬಣ್ಣ ಹಚ್ಚಿದ ರಾತ್ರಿ ಮನೆಯ ಹಿಂದೆ ಎರಡು ಆನೆ ಬಂದಿದ್ದವು. ಅಪ್ಪ ಕಿಟಕಿಯ ಹತ್ತಿರ ಕರೆದರು. ಬಣ್ಣ ಒಣಗುತ್ತದೆಂದು ನಾನು ಏಳಲಿಲ್ಲ.’